ಸುಟ್ಟ ಪತ್ರಗಳ ಜಾಗದಲ್ಲಿ: ಲೇಖಕರ ಬದುಕನ್ನಾಧರಿಸಿದ ಪ್ರೇಮಚಿತ್ರಗಳಲ್ಲಿ ಬರವಣಿಗೆಯ ಸ್ಥಾನ

ಜೇನ್ ಆಸ್ಟಿನ್ ತೀರಿಕೊಂಡು ಸುಮಾರು ಕಾಲು ಶತಮಾನವಾದ ಮೇಲೆ ಅಕ್ಕ ಕಸಾಂಡ್ರಾ ತನ್ನ ಬಳಿಯಿದ್ದ ತಂಗಿಯ ಪತ್ರಗಳಲ್ಲಿ ಬಹುಪಾಲನ್ನು ಸುಟ್ಟುಹಾಕಿದಳು. ಇಂದು ನಮಗೆ ಉಳಿದಿರುವುದು ಸುಮಾರು 160 ಪತ್ರಗಳು. ಟಾಮ್ ಲೆಫ್ರಾಯ್ ಎಂಬ ಐರ್ಲೆಂಡಿನ ತರುಣನ ಪ್ರಸ್ತಾಪ ಬರುವುದು 1796ರ ಜನವರಿಯ ಎರಡು ಪತ್ರಗಳಲ್ಲಿ ಮತ್ತು 1798ರ ನವೆಂಬರಿನ ಒಂದರಲ್ಲಿ. ಮೊದಲೆರಡರಲ್ಲಿ ಕುಣಿತದ ಕೂಟಗಳ ಸಡಗರವಿದೆ, ಅಕ್ಕನನ್ನು ರೇಗಿಸುವ ತುಂಟತನವಿದೆ. ಮೂರನೆಯದರಲ್ಲಿ ಅವನ ಸುದ್ದಿಯನ್ನು ಬಾಯಿಬಿಟ್ಟು ಕೇಳಲೊಲ್ಲದ ಸ್ವಾಭಿಮಾನವಿದೆ. ಜೂಲಿಯನ್ ಜ್ಯಾರೊಲ್ಡ್ ನಿರ್ದೇಶಿಸಿದ ‘ಬಿಕಮಿಂಗ್ ಜೇನ್’ (2007) ಜಾನ್ ಸ್ಪೆನ್ಸ್ ಬರೆದ ಜೀವನಚರಿತ್ರೆಯ ಬೆಂಬಲದಿಂದ ಇಷ್ಟೇ ಇಷ್ಟು ಸಾಮಗ್ರಿಯ ಮೇಲೆ ನಿಂತಿದೆ.

ಇಂಥ ಚಿತ್ರಗಳ ಬಗ್ಗೆ ವಿಮರ್ಶೆ ಸಾಮಾನ್ಯವಾಗಿ ಎತ್ತುವ ಪ್ರಶ್ನೆ ಇದು ನಡೆದದ್ದೇ, ಅಲ್ಲವೇ ಎಂಬುದು. ಆ ಪ್ರಶ್ನೆ ನಮ್ಮನ್ನು ಹೆಚ್ಚು ದೂರ ಒಯ್ಯುವುದಿಲ್ಲ. ದಾಖಲೆ ಇಲ್ಲದ ಕಡೆ ಕಥೆ ಹುಟ್ಟುವುದು ಸಹಜ. ಆ ಖಾಲಿ ಜಾಗವನ್ನು ಚಿತ್ರ ಯಾವುದರಿಂದ ತುಂಬುತ್ತದೆ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಲೇಖಕಿಯ ದುಡಿಮೆಯ ಬಗ್ಗೆ ಚಿತ್ರಕ್ಕಿರುವ ನಿಲುವು ಬಯಲಾಗುವುದು ಅಲ್ಲಿಯೇ.

‘ಬಿಕಮಿಂಗ್ ಜೇನ್’ ಆ ಜಾಗವನ್ನು ಆಸ್ಟಿನ್‌ಳ ಕಾದಂಬರಿಯಿಂದಲೇ ತುಂಬುತ್ತದೆ. ಮ್ಯಾಗಿ ಸ್ಮಿತ್ ಅಭಿನಯಿಸಿದ ಲೇಡಿ ಗ್ರೆಶಮ್ ಕಲ್ಪಿತ ಪಾತ್ರ. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಲೇಡಿ ಕ್ಯಾಥರೀನಳನ್ನು ಬಲ್ಲವರಿಗೆ ಈಕೆಯ ಗುರುತು ಹತ್ತಲು ತಡವಾಗದು. ಪ್ರೇಮಿಗಳು ಓಡಿಹೋಗುವ ಪ್ರಸಂಗಕ್ಕೂ ಯಾವ ದಾಖಲೆಯ ಆಧಾರವಿಲ್ಲ. ಕಾದಂಬರಿಯಿಂದ ಎತ್ತಿಕೊಂಡದ್ದನ್ನು ಬದುಕಿನೊಳಗೆ ಇಟ್ಟು, ಆಮೇಲೆ ಈ ಬದುಕಿನಿಂದಲೇ ಕಾದಂಬರಿ ಬಂದಿತೆಂದು ಚಿತ್ರ ಹೇಳುತ್ತದೆ. ಹೀಗಾದಾಗ ಕಲ್ಪಿಸಿದವಳು ಬರೀ ನೆನಪಿಸಿಕೊಂಡವಳಾಗುತ್ತಾಳೆ. ಆ ಕಾದಂಬರಿಯ ಮೊದಲ ಕರಡು ಸಿದ್ಧವಾದದ್ದು 1796ರ ಅಕ್ಟೋಬರಿನಿಂದ 1797ರ ಆಗಸ್ಟಿನ ನಡುವೆ. ಅದೇ ವರ್ಷದ ನವೆಂಬರಿನಲ್ಲಿ ತಂದೆ ಜಾರ್ಜ್ ಆಸ್ಟಿನ್ ಲಂಡನ್ನಿನ ಪ್ರಕಾಶಕ ಕ್ಯಾಡೆಲ್‌ಗೆ ಪತ್ರ ಬರೆದು ವಿಚಾರಿಸಿದರು. ಹಸ್ತಪ್ರತಿಯನ್ನು ನೋಡಲೂ ಒಪ್ಪದೆ ಅವನು ನಿರಾಕರಿಸಿದ. ಪುಸ್ತಕ ಅಚ್ಚಾದದ್ದು 1813ರಲ್ಲಿ. ನಡುವಿನ ಹದಿನೈದಕ್ಕೂ ಹೆಚ್ಚು ವರ್ಷಗಳ ಕಾಯುವಿಕೆ, ತಿದ್ದುವಿಕೆ, ಕತ್ತರಿಸುವಿಕೆಗಳಿಗೆ ಈ ಪ್ರೇಮಕಥೆಯಲ್ಲಿ ಎಡೆಯೇ ಇಲ್ಲ. ಒಬ್ಬ ಗಂಡಸು ಬಂದುಹೋದದ್ದೇ ಒಂದು ಮಹಾಕೃತಿಗೆ ಸಾಕಾದ ಕಾರಣವೆನ್ನುವುದು, ಅಷ್ಟು ವರ್ಷ ಮೇಜಿನ ಮುಂದೆ ಕುಳಿತವಳಿಗೆ ಮಾಡುವ ಅನ್ಯಾಯ.

ಬದುಕು ಮತ್ತು ಕೃತಿಗಳನ್ನು ಬೆರೆಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕನ್ನಡದ ‘ಕವಿರತ್ನ ಕಾಳಿದಾಸ’ದಲ್ಲಿ (1983) ಡಾ. ರಾಜ್‌ಕುಮಾರ್ ಅವರೇ ಕಾಳಿದಾಸ, ಅವರೇ ದುಷ್ಯಂತ; ಜಯಪ್ರದಾ ಅವರೇ ಕವಿಯ ಪತ್ನಿ, ಅವರೇ ಶಕುಂತಲೆ. ಆದರೆ ಕಾಳಿದಾಸನ ಬದುಕಿಗೆ ಪತ್ರಗಳಿಲ್ಲ, ದಿನಚರಿಯಿಲ್ಲ. ಇರುವುದು ಐತಿಹ್ಯ ಮಾತ್ರ. ಕಾಳಿಯ ವರದಿಂದ ಕುರುಬ ಕವಿಯಾದನೆಂಬುದು ಪ್ರೇಕ್ಷಕರಿಗೆ ಮೊದಲೇ ಗೊತ್ತಿರುವ ಕಥೆ, ಅದನ್ನು ಯಾರೂ ಚರಿತ್ರೆಯೆಂದು ನೋಡಲು ಹೋದವರಲ್ಲ. ಚರಿತ್ರೆಯ ಉಡುಪು ತೊಟ್ಟು, ಇಸವಿಗಳ ಸಾಕ್ಷ್ಯ ಹೇಳುತ್ತ ಬರುವ ಚಿತ್ರಕ್ಕೆ ಆ ಸ್ವಾತಂತ್ರ್ಯವನ್ನು ಅಷ್ಟು ಸುಲಭವಾಗಿ ಕೊಡಲಾಗದು.

ಜೇನ್ ಕ್ಯಾಂಪಿಯನ್ ನಿರ್ದೇಶನದ ‘ಬ್ರೈಟ್ ಸ್ಟಾರ್’ (2009) ಇದೇ ಸಮಸ್ಯೆಯನ್ನು ಬೇರೆಯೇ ಬಗೆಯಲ್ಲಿ ಎದುರಿಸಿದೆ. ಕವಿ ಜಾನ್ ಕೀಟ್ಸ್ ತನ್ನ ನೆರೆಮನೆಯ ಫ್ಯಾನಿ ಬ್ರಾನ್‌ಗೆ ಬರೆದ ಪತ್ರಗಳು 1878ರಲ್ಲಿ ಅಚ್ಚಾದವು. ಅವಳು ಅವನಿಗೆ ಬರೆದವು ಉಳಿದಿಲ್ಲ. ಕೊನೆಯಲ್ಲಿ ಬಂದವನ್ನು ಒಡೆದು ಓದುವ ಧೈರ್ಯವೂ ಸಾಯುತ್ತಿದ್ದ ಅವನಿಗಿರಲಿಲ್ಲ, 1821ರಲ್ಲಿ ರೋಮಿನಲ್ಲಿ ಅವು ಅವನೊಂದಿಗೇ ಮಣ್ಣಾದವು. ಸಂವಾದದ ಅರ್ಧ ಮಾತ್ರ ಕೇಳಿಸಿಕೊಂಡ ವಿಕ್ಟೋರಿಯಾ ಕಾಲದ ಓದುಗರು ಅವಳನ್ನು ಚಂಚಲೆಯೆಂದು ಜರಿದರು. ಕೀಟ್ಸನ ತಂಗಿಗೆ ಅವಳು ಬರೆದ ಪತ್ರಗಳು 1930ರ ದಶಕದಲ್ಲಿ ಪ್ರಕಟವಾದ ಮೇಲಷ್ಟೇ ಅವಳ ಬುದ್ಧಿಯೂ ಸ್ಥೈರ್ಯವೂ ಲೋಕಕ್ಕೆ ತಿಳಿದವು.

ಕ್ಯಾಂಪಿಯನ್ ಇಲ್ಲದ ಉತ್ತರಗಳನ್ನು ಸೃಷ್ಟಿಸಲು ಹೋಗದೆ ಉಳಿದ ಪತ್ರಗಳು ಬಂದು ಸೇರಿದ ಮನೆಯನ್ನು ತೋರಿಸುತ್ತಾರೆ. ಚಿತ್ರ ತೆರೆದುಕೊಳ್ಳುವುದೇ ಬಟ್ಟೆಯೊಳಗೆ ನುಗ್ಗಿ ಬರುವ ಸೂಜಿಯ ಅತಿ ಸಮೀಪದ ನೋಟದಿಂದ: ಫ್ಯಾನಿ ಹೊಲಿಯುತ್ತಿದ್ದಾಳೆ. ತನ್ನ ಉಡುಪನ್ನು ತಾನೇ ರೂಪಿಸಿಕೊಳ್ಳುವ ಈ ಹುಡುಗಿಗೂ ಒಂದು ಕಸುಬಿದೆ, ಅದರ ಹೆಮ್ಮೆಯಿದೆ. 1819ರ ಜುಲೈನಲ್ಲಿ ವೈಟ್ ದ್ವೀಪದಿಂದ ಬರೆದ ಪತ್ರವೊಂದರಲ್ಲಿ ಕೀಟ್ಸ್ ನಾವಿಬ್ಬರೂ ಮೂರು ಬೇಸಿಗೆಯ ದಿನ ಬಾಳುವ ಚಿಟ್ಟೆಗಳಾಗಿರಬಾರದಿತ್ತೇ ಎಂದು ಹಂಬಲಿಸುತ್ತಾನೆ. ಚಿತ್ರದಲ್ಲಿ ಫ್ಯಾನಿ ತಮ್ಮ ಮತ್ತು ತಂಗಿಯೊಡನೆ ಚಿಟ್ಟೆಗಳನ್ನು ಹಿಡಿದು ತಂದು ಮಲಗುವ ಕೋಣೆಯ ತುಂಬ ಬಿಡುತ್ತಾಳೆ. ಕೆಲವೇ ದಿನಗಳಲ್ಲಿ ಅವು ಸತ್ತು ಬೀಳುತ್ತವೆ, ಯಾರೋ ಗುಡಿಸಬೇಕಾಗುತ್ತದೆ. ಈ ದೃಶ್ಯ ಕಲ್ಪಿತವೇ. ಆದರೂ ಇದು ಕವಿಯ ಸಾಲಿಗೆ ಹೊಸ ಮೂಲವನ್ನು ಹುಡುಕಿ ಕೊಡುವುದಿಲ್ಲ. ಆ ಸಾಲನ್ನು ಒಬ್ಬಳು ಹೇಗೆ ಓದಿದಳು, ಹೇಗೆ ಅಕ್ಷರಶಃ ನಂಬಿದಳು ಎಂಬುದನ್ನು ಕಾಣಿಸುತ್ತದೆ. ಕವಿತೆ ಕವಿಯದಾಗಿಯೇ ಉಳಿಯುತ್ತದೆ, ಓದು ಅವಳದಾಗುತ್ತದೆ. ಈ ಪ್ರಕಾರದ ಚಿತ್ರಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಕಲ್ಪನೆಯನ್ನು ನಾನು ಕಂಡಿಲ್ಲ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ, ಅದನ್ನು ಮುಂದಿಡುವುದು ರಾಲ್ಫ್ ಫೈನ್ಸ್ ನಿರ್ದೇಶಿಸಿದ ‘ದಿ ಇನ್‌ವಿಸಿಬಲ್ ವುಮನ್’ (2013). ಚಾರ್ಲ್ಸ್ ಡಿಕನ್ಸ್ 1860ರಲ್ಲಿ ಗ್ಯಾಡ್ಸ್ ಹಿಲ್‌ನ ತನ್ನ ಮನೆಯ ಹಿಂದೆ ಪತ್ರಗಳ ರಾಶಿಗೇ ಬೆಂಕಿಯಿಟ್ಟ. ನಟಿ ನೆಲ್ಲಿ ಟರ್ನನ್ ಜೊತೆಗಿನ ಅವನ ಸಂಬಂಧವನ್ನು ಕ್ಲೇರ್ ಟೊಮಾಲಿನ್ ಅಳಿದುಳಿದ ಸುಳಿವುಗಳಿಂದ ಕಟ್ಟಿಕೊಟ್ಟರು. ಚಿತ್ರಕ್ಕೆ ಆಧಾರ ಅವರ 1990ರ ಪುಸ್ತಕ. ಆದರೆ ಇಲ್ಲಿ ಮರೆಮಾಚಿದವನು ಡಿಕನ್ಸ್ ಒಬ್ಬನೇ ಅಲ್ಲ. ಅವನ ಮರಣಾನಂತರ ನೆಲ್ಲಿ ತನ್ನ ವಯಸ್ಸನ್ನೇ ಹತ್ತಾರು ವರ್ಷ ಇಳಿಸಿ ಹೇಳಿ ಮದುವೆಯಾದಳು, ಮಕ್ಕಳಿಗೂ ನಿಜ ತಿಳಿಸಲಿಲ್ಲ. ಅವಳೇ ಮುಚ್ಚಿಟ್ಟದ್ದನ್ನು ತೆರೆಯುವ ಹಕ್ಕು ಚಿತ್ರಕ್ಕಿದೆಯೇ? ಇದೆಯೆಂದೇ ನನ್ನ ಅಭಿಪ್ರಾಯ, ಆದರೆ ಒಂದು ಷರತ್ತಿನೊಂದಿಗೆ: ಆ ಮೌನಕ್ಕೆ ಅವಳು ತೆತ್ತ ಬೆಲೆಯನ್ನೂ ಚಿತ್ರ ತೋರಿಸಬೇಕು. ಫೈನ್ಸ್ ಕಥೆಯನ್ನು ಆರಂಭಿಸುವುದು ಮಾರ್ಗೇಟ್‌ನಲ್ಲಿ, ಶಾಲಾ ಮುಖ್ಯಸ್ಥನ ಹೆಂಡತಿಯಾಗಿ, ಹಳೆಯದನ್ನು ಹೇಳಿಕೊಳ್ಳಲಾಗದೆ ಸಮುದ್ರದ ದಂಡೆಯಲ್ಲಿ ಬಿರುಸಾಗಿ ನಡೆಯುವ ನೆಲ್ಲಿಯಿಂದ. ಹಾಗಾಗಿ ಡಿಕನ್ಸನ ಖ್ಯಾತಿಗಿಂತ ಮೊದಲು ನಮಗೆ ಎದುರಾಗುವುದು ಅವಳ ಮೇಲೆ ಬಿದ್ದ ಗುಟ್ಟಿನ ಭಾರ.