ಪಾದ ನೋಯದಿದ್ದರೆ ಹುಣ್ಣಿನ ಭಯವಿಲ್ಲವೇ? ಒತ್ತಡ ಅಳೆಯುವ ಪುಟ್ಟ ಸೆನ್ಸರ್‌ಗಳು ಹೇಳುವುದೇನು?

“ಕಾಲು ನೋಯ್ತಾನೇ ಇಲ್ಲ, ಡಾಕ್ಟರಿಗೆ ಯಾಕೆ ತೋರಿಸಬೇಕು?” ಗುಬ್ಬಿ, ಕುಣಿಗಲ್ ಕಡೆ ಬರಿಗಾಲಲ್ಲಿ ತೋಟ ಸುತ್ತುವ ಸಕ್ಕರೆ ಕಾಯಿಲೆಯವರಿಗೂ, ತುಮಕೂರು ಪೇಟೆಯಲ್ಲಿ ದಿನವಿಡೀ ನಿಂತು ದುಡಿಯುವವರಿಗೂ ಹೀಗೆ ಅನ್ನಿಸಬಹುದು. ಆದರೆ ಇದು ಅಪಾಯಕಾರಿ ತಪ್ಪು ಕಲ್ಪನೆ.

ನೋವು ಏಕೆ ಬೇಕು?

ಒಂದೇ ಕಡೆ ಭಾರ ಬಿದ್ದು ನೋವಾದರೆ ನಾವು ಅರಿವಿಲ್ಲದೆಯೇ ಕಾಲು ಬದಲಿಸುತ್ತೇವೆ. ಹಲವು ವರ್ಷ ಸಕ್ಕರೆ ಹತೋಟಿ ತಪ್ಪಿದರೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳಬಹುದು. ಆಗ ಒತ್ತಡ ಬಿದ್ದಲ್ಲೇ ಬೀಳುತ್ತದೆ. ಚರ್ಮ ದಡ್ಡುಗಟ್ಟಿ, ಅದರಡಿಯ ಅಂಗಾಂಶ ಹಾಳಾಗಿ ಹುಣ್ಣಾಗುತ್ತದೆ. ನಿರ್ಲಕ್ಷಿಸಿದರೆ ಕಾಲನ್ನೇ ತೆಗೆಯಬೇಕಾದೀತು.

ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ?

ಶೂ ಒಳಗಿಡುವ ತೆಳು ಹಾಸಿನಲ್ಲಿ ಹಲವು ಪುಟ್ಟ ಸೆನ್ಸರ್‌ಗಳಿರುತ್ತವೆ. ಒತ್ತಿದಾಗ ಅವುಗಳ ವಿದ್ಯುತ್ ಗುಣ ಬದಲಾಗುತ್ತದೆ. ಅದರಿಂದ ಎಲ್ಲಿ ಎಷ್ಟು ಒತ್ತಡ ಬಿದ್ದಿದೆ ಎಂಬ ಬಣ್ಣದ ನಕ್ಷೆ ಸಿಗುತ್ತದೆ. ಒಮ್ಮೆ ಹುಣ್ಣಾಗಿ ವಾಸಿಯಾದವರ ಪಾದರಕ್ಷೆಯಲ್ಲಿ ಗರಿಷ್ಠ ಒತ್ತಡ 200 ಕಿಲೋಪಾಸ್ಕಲ್‌ಗಿಂತ, ಅಂದರೆ ಚದರ ಸೆಂಟಿಮೀಟರ್‌ಗೆ ಸುಮಾರು 2 ಕೆ.ಜಿ.ಗಿಂತ, ಕಡಿಮೆ ಇರುವಂತೆ ನೋಡಿಕೊಳ್ಳುವುದು ತಜ್ಞರ ಗುರಿ.

ಈ ದಾರಿ ಹೊಸದಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗ ಇದ್ದವರಿಗೆ ಚಿಕಿತ್ಸೆ ನೀಡುತ್ತಿದ್ದ ಡಾ. ಪಾಲ್ ಬ್ರ್ಯಾಂಡ್, ಕಾಲಿನ ಗಾಯಗಳಿಗೆ ನೋವು ತಿಳಿಯದಿರುವುದೇ ಮುಖ್ಯ ಕಾರಣ ಎಂದು ಗುರುತಿಸಿದರು. ಮುಂದೆ ಅಮೆರಿಕದಲ್ಲಿ, ಒತ್ತಡಕ್ಕೆ ಒಡೆದು ಬಣ್ಣ ಬಿಡುವ ಸಣ್ಣ ಗುಳಿಗೆಗಳಿದ್ದ ಕಾಲುಚೀಲ ಬಳಸಿದರು.

ಬೆಂಗಳೂರಿನ ಚಪ್ಪಲಿ

ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಸೇರಿ ರೂಪಿಸಿದ ಚಪ್ಪಲಿಯಲ್ಲಿ ಸೆನ್ಸರೂ ಇಲ್ಲ, ಬ್ಯಾಟರಿಯೂ ಇಲ್ಲ. ಅಟ್ಟೆಯೊಳಗಿನ ಪುಟ್ಟ ಕಮಾನುಗಳು ಮಿತಿ ಮೀರಿದ ಭಾರಕ್ಕೆ ತಟ್ಟನೆ ಒಳಕ್ಕೆ ಬಾಗಿ, ಒತ್ತಡವನ್ನು ಬೇರೆಡೆಗೆ ಹಂಚುತ್ತವೆ. ಕಾಲೆತ್ತಿದರೆ ಮೊದಲಿನಂತಾಗುತ್ತವೆ.

ನಾವೇನು ಮಾಡಬಹುದು?

ಸ್ಪರ್ಶಜ್ಞಾನದ ಪರೀಕ್ಷೆಗೆ ಇಂಥ ಯಂತ್ರ ಬೇಡ. 10 ಗ್ರಾಂ ಬಲಕ್ಕೆ ಬಾಗುವ ನೈಲಾನ್ ಎಳೆಯನ್ನು ವೈದ್ಯರು ಪಾದಕ್ಕೆ ಒತ್ತುತ್ತಾರೆ. ಅದು ತಿಳಿಯದಿದ್ದರೆ ಎಚ್ಚರ ಬೇಕು. ತಾಲ್ಲೂಕು ಆಸ್ಪತ್ರೆಗೆ ಸಕ್ಕರೆ ಪರೀಕ್ಷೆಗೆ ಹೋದಾಗ ಪಾದವನ್ನೂ ನೋಡಲು ಕೇಳಿ. ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಮನೆಯವರಿಗೆ ಹೇಳಿ. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ. ದಡ್ಡನ್ನು ಬ್ಲೇಡಿನಿಂದ ಕೊಯ್ಯಬೇಡಿ. ಗಾಯ ಕಂಡರೆ, ನೋವಿಲ್ಲದಿದ್ದರೂ, ಅಂದೇ ತೋರಿಸಿ.