ಏಕವಾರ್ಷಿಕ ಹೂಗಿಡಗಳು (ಕರಾವಳಿ ಉತ್ತರ ಕನ್ನಡ)

ಒಂದೇ ಹಂಗಾಮಿನಲ್ಲಿ ಮೊಳೆತು, ಹೂಬಿಟ್ಟು, ಬೀಜ ಕಟ್ಟಿ ಒಣಗುವ ಗಿಡಗಳು. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಅಂಗಳಗಳಲ್ಲಿ ಗೊಂಡೆ (ಚೆಂಡು ಹೂ), ಕರ್ಣಕುಂಡಲ, ಕೋಳಿಜುಟ್ಟು, ಝೀನಿಯಾ ಮುಖ್ಯ. ಭಟ್ಕಳ ತಾಲ್ಲೂಕು ಹೆಸರಾಗಿರುವುದು ಮಲ್ಲಿಗೆಗೆ. ಅದು ಬಹುವಾರ್ಷಿಕ, ಪೇಟೆಗೆ ಹೋಗುವ ಬೆಳೆ. ಹಣ ತರದ ಅಂಗಳದ ಹೂಗಳತ್ತ ದಾಖಲೆಗಾರರ ಗಮನ ಹರಿದದ್ದು ಕಡಿಮೆ. ಕೆನರಾದಲ್ಲಿ ಅರಣ್ಯಾಧಿಕಾರಿಯಾಗಿದ್ದ ಡಬ್ಲ್ಯು. ಎ. ಟಾಲ್ಬಟ್‌ನ ಸಸ್ಯಗ್ರಂಥಕ್ಕೂ (1909–11) ಮರ, ಪೊದೆ, ಬಳ್ಳಿಗಳೇ ವಸ್ತು.

ಹೆಚ್ಚಿನ ಗೊಂದಲ ಗೊಂಡೆಯ ಮೂಲದ ಬಗ್ಗೆ. ದೀಪಾವಳಿಯ ಗೋಪೂಜೆಯಲ್ಲಿ ದನಗಳ ಕೊರಳಿಗೆ ಬೀಳುವ ಈ ಹೂವನ್ನು ಅನಾದಿ ಕಾಲದ್ದೆಂದು ನಂಬುವವರು ಬಹಳ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. 1542ರಲ್ಲಿ ಜರ್ಮನಿಯ ಲಿಯೊನಾರ್ಡ್ ಫುಕ್ಸ್ ಇದೇ ಕುಲದ ಗಿಡವೊಂದರ ಚಿತ್ರ ಅಚ್ಚು ಹಾಕಿಸಿ ಅದಕ್ಕೆ ‘ಇಂಡಿಕಾ’ ಎಂಬ ವಿಶೇಷಣ ಸೇರಿಸಿದ. ‘ಆಫ್ರಿಕನ್’ ಎಂಬ ಇನ್ನೊಂದು ತಪ್ಪು ಹೆಸರು ಇಂದಿಗೂ ಬೀಜದ ಪೊಟ್ಟಣದ ಮೇಲಿದೆ. ಭಾರತಕ್ಕೆ ತಂದವರು ಪೋರ್ಚುಗೀಸರೆಂಬುದು ಸಾಮಾನ್ಯ ಅಭಿಪ್ರಾಯ. ಅವರು 1502ರಲ್ಲೇ ಭಟ್ಕಳಕ್ಕೆ ಬಂದಿದ್ದರೂ ಹೂವೂ ಅದೇ ಬಂದರಿನಲ್ಲಿ ಇಳಿಯಿತೆನ್ನಲು ಅಷ್ಟೇ ಆಧಾರ ಸಾಲದು. ಝೀನಿಯಾ ಕೂಡ ಮೆಕ್ಸಿಕೊದ್ದು. ಕರ್ಣಕುಂಡಲ ಮಾತ್ರ ಈ ನೆಲದ್ದೇ: ಬಲಿತ ಕಾಯಿ ಬೆರಳು ತಾಗಿದೊಡನೆ ಸಿಡಿದು ಸುರುಳಿಯಾಗುತ್ತದೆ, ಚದುರಿದ ಬೀಜ ಮರುವರ್ಷದ ಮೊದಲ ಮಳೆಗೆ ತಾನಾಗಿ ಹುಟ್ಟುತ್ತದೆ.

ಹಬ್ಬಕ್ಕೆ ಸರಿಯಾಗಿ ಗೊಂಡೆ ಅರಳುವುದಕ್ಕೆ ಕಾರಣವಿದೆ. ಹಗಲು ಕಿರಿದಾದಂತೆ ಅದು ಬೇಗ ಮೊಗ್ಗು ಕಟ್ಟುತ್ತದೆ. ಕರಾವಳಿಯ ಜಡಿಮಳೆಯಲ್ಲಿ ನೀರು ನಿಂತರೆ ಸಸಿ ಬುಡದಲ್ಲೇ ಕೊಳೆಯುವುದರಿಂದ ಏರುಮಡಿ ಬೇಕು. ನೆಟ್ಟು ತಿಂಗಳಾದ ಮೇಲೆ ಕುಡಿ ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ.

ಲಾಲ್‌ಬಾಗ್ ಕೇಂದ್ರಿತ ಉದ್ಯಾನ ಚರಿತ್ರೆ ಇನ್ನೊಂದು ಧಾರೆ: 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ, ಆಮೇಲೆ ಗಾಜಿನ ಮನೆ, ಫಲಪುಷ್ಪ ಪ್ರದರ್ಶನ. ಆದರೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹಾಗಾಗಿ ಲಾಲ್‌ಬಾಗಿನ ಕಥೆಯನ್ನೇ ಇಡೀ ಕರ್ನಾಟಕದ ಕಥೆಯೆಂದು ಹೇಳುವುದು ಸಲ್ಲದು.

ಈಚಿನ ದೊಡ್ಡ ಬದಲಾವಣೆ ಬೀಜದ್ದು. ಮನ್‌ಮೋಹನ್ ಅತ್ತಾವರ 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸ್ಥಾಪಿಸಿದರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ’ ಹೆಸರಿನ ಗೊಂಡೆ, ಚೈನಾ ಆಸ್ಟರ್ ತಳಿಗಳನ್ನು ಕೊಟ್ಟಿತು. ಹೈಬ್ರಿಡ್ ಗೊಂಡೆಯ ಬೀಜ ಉಳಿಸಿ ಬಿತ್ತಿದರೆ ತಾಯಿಗಿಡದ ಗುಣ ಉಳಿಯುವುದಿಲ್ಲ. ಒಣಗಿದ ಹೂವಿನಿಂದಲೇ ಮುಂದಿನ ವರ್ಷದ ಬೀಜ ತೆಗೆದಿಡುವ ರೂಢಿ ನಾಟಿ ಗೊಂಡೆಗೆ ಸೀಮಿತವಾಗಿದೆ.