ಕಂಬಳಿ ಕಮಾನಿನಿಂದ ಕಾರಿನ ಟಾಪಿನವರೆಗೆ

ಚಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಿ, ತೆರೆದ ಆಕಾಶದ ಕೆಳಗೆ ಓಡಿಸುವ ಕಾರುಗಳು ಮಧುಗಿರಿ, ಕೊರಟಗೆರೆ, ಪಾವಗಡದ ರಸ್ತೆಗಳಲ್ಲಿ ಕಾಣಸಿಗುವುದು ಅಪರೂಪ. ಬೆಂಗಳೂರಿನಿಂದ ಪುಣೆಯತ್ತ ಸಾಗುವ ಹೆದ್ದಾರಿ ಶಿರಾ ಮೂಲಕ ಹಾಯುವುದರಿಂದ ಅಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಕಣ್ಣಿಗೆ ಬೀಳಬಹುದು. ಇಂಥ ಕಾರಿನ ಬಟ್ಟೆ ಚಾವಣಿಯ ಆರೈಕೆಗೆ ತಯಾರಕರು ಹೇಳುವ ಮುಖ್ಯ ಮಾತುಗಳು ನಾಲ್ಕೇ: ದೂಳನ್ನು ಬಟ್ಟೆ ಒಣಗಿರುವಾಗಲೇ ತೆಗೆಯಬೇಕು, ಖಾರವಿಲ್ಲದ ಸೋಪು ಮಾತ್ರ ಬಳಸಬೇಕು, ಸೋಪಿನ ಅಂಶ ಉಳಿಯದಂತೆ ನೀರು ಹಾಯಿಸಬೇಕು, ಒದ್ದೆ ಚಾವಣಿಯನ್ನು ಎಂದೂ ಮಡಚಿಡಬಾರದು.

ಈ ನಾಲ್ಕೂ ಮಾತುಗಳು ಈ ಸೀಮೆಗೆ ಹೊಸವಲ್ಲ. ಕಂಬಳಿ ಹೊದ್ದು ಕುರಿ ಕಾಯ್ದವರು, ಗಾಡಿಯ ಕಮಾನಿಗೆ ಕಂಬಳಿ ಹಾಸಿದವರು, ಜೀಪಿಗೆ ಕ್ಯಾನ್ವಾಸ್ ಹೊಲಿದವರು ಇವನ್ನು ತಮ್ಮ ತಮ್ಮ ರೀತಿಯಲ್ಲಿ ಅರಿತಿದ್ದರು. ಬಟ್ಟೆಯ ಚಾವಣಿ ಬಾಳುವುದು ಅದರ ಗಟ್ಟಿತನದಿಂದಲ್ಲ, ಅದನ್ನು ನೋಡಿಕೊಳ್ಳುವ ಕೈಯಿಂದ. ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಬಟ್ಟೆಯ ಕಡೆಯಿಂದ ನೋಡಿದರೆ ಈ ಸಂಗತಿ ಸ್ಪಷ್ಟವಾಗುತ್ತದೆ.

ಡೇರೆಗಳ ಕಾಲ

1687ರಲ್ಲಿ ಮೊಗಲರು ಕರ್ನಾಟಕದ ಈ ಭಾಗವನ್ನು ಗೆದ್ದು ಶಿರಾವನ್ನು ತಮ್ಮ ಪ್ರಾಂತ್ಯದ ರಾಜಧಾನಿಯನ್ನಾಗಿ ಮಾಡಿಕೊಂಡರು. ಕಾಸಿಂಖಾನ್ ಅದರ ಮೊದಲ ಫೌಜುದಾರ. ಬಸವಾಪಟ್ಟಣ, ಬೂದಿಹಾಳ್, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಈ ಸುಬಾಕ್ಕೆ ಸೇರಿದ್ದವು. ಆ ವೇಳೆಗೆ ಚಕ್ರವರ್ತಿ ಔರಂಗಜೇಬನೇ ದಿಲ್ಲಿಯನ್ನು ಬಿಟ್ಟು ದಖ್ಖನಿಗೆ ಬಂದಿದ್ದ. 1681ರಿಂದ 1707ರಲ್ಲಿ ಸಾಯುವವರೆಗೆ ಅವನು ಹೆಚ್ಚು ಕಾಲ ಕಳೆದದ್ದು ದಂಡಿನ ಬೀಡುಗಳಲ್ಲಿ. ಅಂದರೆ ಶಿರಾ ಪ್ರಾಂತ್ಯ ಹುಟ್ಟಿದಾಗ ಸಾಮ್ರಾಜ್ಯದ ದರ್ಬಾರು ನಡೆಯುತ್ತಿದ್ದುದೂ ಬಹುಮಟ್ಟಿಗೆ ಬಟ್ಟೆಯ ಚಾವಣಿಯ ಕೆಳಗೇ.

ಮೊಗಲರಲ್ಲಿ ಡೇರೆ, ಕನಾತು, ಜಮಖಾನೆಗಳಿಗೆಂದೇ ಒಂದು ಇಲಾಖೆ ಇತ್ತು. ಅದರ ಹೆಸರು ಫರಾಷಖಾನೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ ‘ಐನ್-ಇ-ಅಕ್ಬರಿ’ಯಲ್ಲಿ ಈ ಇಲಾಖೆಯನ್ನು ವಿವರಿಸಿದ್ದಾನೆ. ಡೇರೆ ಹೊಡೆಯುವುದು, ಬಿಚ್ಚುವುದು, ಕಾಪಾಡುವುದು ಫರಾಷರ ಕೆಲಸ. ಬಟ್ಟೆಯ ಚಾವಣಿಗೆ ದಿನವೂ ಆಳು ಬೇಕು ಎಂಬುದನ್ನು ರಾಜ್ಯವೇ ಒಪ್ಪಿಕೊಂಡಿದ್ದ ಕಾಲ ಅದು.

1761ರಲ್ಲಿ ಶಿರಾ ಹೈದರಾಲಿಯ ವಶವಾಯಿತು. 1766ರಲ್ಲಿ ಮರಾಠರ ಕೈಸೇರಿದ ಅದನ್ನು 1774ರಲ್ಲಿ ಟಿಪ್ಪು ಮತ್ತೆ ಗೆದ್ದುಕೊಂಡ. ಟಿಪ್ಪುವಿನದೆಂದು ಹೆಸರಾದ ಒಂದು ಡೇರೆ ಇಂದಿಗೂ ಉಳಿದಿದೆ. ಹೂಕುಂಡಗಳ ಚಿತ್ತಾರವಿರುವ ಆ ಹತ್ತಿ ಬಟ್ಟೆಯ ಡೇರೆ ಟಿಪ್ಪುವಿಗಿಂತ ಹಳೆಯದು, 18ನೇ ಶತಮಾನದ ಮೊದಲರ್ಧದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಮನೆತನಕ್ಕೆ ಸೇರಿ ವೇಲ್ಸ್‌ನ ಪೋವಿಸ್ ಕೋಟೆಗೆ ಹೋಯಿತು. ಅಲ್ಲಿ ಕೆಲಕಾಲ ತೋಟದ ಔತಣಗಳಿಗೂ ಬಳಕೆಯಾಯಿತು. ಇಂಥ ಹಳೆಯ ಬಟ್ಟೆಯನ್ನು ವಸ್ತುಸಂಗ್ರಹಾಲಯದವರು ಉಳಿಸುವ ಬಗೆ ಸರಳ: ಬೆಳಕು ಕಡಿಮೆ, ತೇವ ಹದವಾಗಿ, ದೂಳು ತೆಗೆಯುವುದು ಹಗುರವಾಗಿ. ನೀರಿಗೆ ಹಾಕಿ ಉಜ್ಜುವ ಮಾತೇ ಇಲ್ಲ.

ದಂಡು ಹೋದರೂ ಆ ಮಾತು ಈ ನೆಲದಲ್ಲಿ ಉಳಿದಿದೆ. ಮಧುಗಿರಿಯ ಊರದೇವತೆ ದಂಡಿನ ಮಾರಮ್ಮ. ಮದ್ದಗಿರಿ ಎಂದಿದ್ದ ಊರಿನ ಹೆಸರು 1927ರಲ್ಲಿ ಮಧುಗಿರಿ ಎಂದಾಯಿತು. ಅಮ್ಮನ ಹೆಸರಿನ ದಂಡು ಮಾತ್ರ ಹಾಗೆಯೇ ಇದೆ.

ತುಪ್ಪಟದ ಗುಟ್ಟು

ದೊರೆಗಳಿಗೆ ಚಿತ್ತಾರದ ಡೇರೆ; ರೈತನಿಗೆ, ಕುರಿಗಾಹಿಗೆ ಕಂಬಳಿ. ಮಳೆ ಕಡಿಮೆ ಇರುವ, ಕುರುಚಲು ಕಾಡು, ಕಲ್ಲುಗುಡ್ಡಗಳ ಶಿರಾ, ಪಾವಗಡ, ಮಧುಗಿರಿ ಸೀಮೆ ಕುರಿಗೆ ಹೇಳಿ ಮಾಡಿಸಿದ ನೆಲ. ಇಲ್ಲಿನ ಕುರಿಯ ತುಪ್ಪಟ ಒರಟು, ಮೈಗೆ ಚುಚ್ಚುತ್ತದೆ. ಆದರೆ ಮಳೆ ತಡೆಯಲು ಆ ಒರಟುತನವೇ ಅನುಕೂಲ.

ಕತ್ತರಿಸಿದ ತುಪ್ಪಟವನ್ನು ಬಿಲ್ಲಿನಿಂದ ಮಿಡಿದು ಬಿಡಿಸುತ್ತಾರೆ. ಹೆಂಗಸರು ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿದು, ಒಣಗಿಸಿ, ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಹುಣಸೆಗೆ ಈ ತಾಲ್ಲೂಕುಗಳಲ್ಲಿ ಬರವಿಲ್ಲ. ಹಣ್ಣು ಸಾರಿಗೆ, ಬೀಜ ಮಗ್ಗಕ್ಕೆ. ಗಂಜಿಯಿಂದ ನೂಲಿನ ಪುಳ್ಳೆ ಅಡಗುತ್ತದೆ, ನೂಲು ಕಡಿಯುವುದಿಲ್ಲ, ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುತ್ತದೆ.

ಕಂಬಳಿ ಮಳೆ ತಡೆಯುವುದಕ್ಕೆ ಎರಡು ಕಾರಣಗಳಿವೆ. ತುಪ್ಪಟಕ್ಕೆ ಸಹಜವಾಗಿ ಒಂದು ಬಗೆಯ ಜಿಡ್ಡು ಅಂಟಿರುತ್ತದೆ. ಅದು ಹನಿಯನ್ನು ಜಾರಿಸುತ್ತದೆ. ಎಳೆಯ ಒಳಭಾಗವಾದರೋ ತೇವವನ್ನು ಹೀರಬಲ್ಲದು. ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವ ಹೀರಿದರೂ ಉಣ್ಣೆ ಕೈಗೆ ಒದ್ದೆ ಅನ್ನಿಸುವುದಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡವನು ಜಿಟಿಜಿಟಿ ಮಳೆಯಲ್ಲೂ ಬೆಚ್ಚಗಿರುವುದು ಹೀಗೆ.

ಕಂಬಳಿಯನ್ನು ಪದೇ ಪದೇ ಒಗೆಯದಿರುವುದಕ್ಕೆ ವಿವರಣೆಯೂ ಇಲ್ಲಿಯೇ ಇದೆ. ಅದು ಸೋಮಾರಿತನವಲ್ಲ. ಅಗಸರು ಹತ್ತಿ ಬಟ್ಟೆಗೆ ಬಳಸುತ್ತಿದ್ದ ಸವುಳು ಮಣ್ಣು ಕ್ಷಾರ. ಕ್ಷಾರ ಹತ್ತಿಗೆ ಹೊಂದುತ್ತದೆ, ಉಣ್ಣೆಯನ್ನು ಕೆಡಿಸುತ್ತದೆ, ಜಿಡ್ಡನ್ನೂ ತೆಗೆದುಹಾಕುತ್ತದೆ. ಆದ್ದರಿಂದ ಕಂಬಳಿಗೆ ಕೊಡವುವುದು, ಗಾಳಿಗೆ ಹರಡುವುದು ನಿತ್ಯದ ಆರೈಕೆ. ಒಗೆಯಲೇಬೇಕಾದಾಗ ಉಣ್ಣೆಗೆ ಒಪ್ಪುವುದು ಅಂಟುವಾಳದಂಥ ಮೆದು ನೊರೆ.

ಗಾಡಿಯಿಂದ ಕಾರಿಗೆ

ಬಿದಿರ ದಬ್ಬೆಗಳನ್ನು ಬಾಗಿಸಿ ಕಟ್ಟಿದ ಕಮಾನು, ಅದರ ಮೇಲೆ ಚಾಪೆ, ಮಳೆ ಬಂದರೆ ಕಂಬಳಿ: ಸವಾರಿ ಗಾಡಿಯ ಚಾವಣಿ ಇಷ್ಟೇ. ಜಾತ್ರೆಗೆ, ಮದುವೆ ದಿಬ್ಬಣಕ್ಕೆ ಹೊರಟಾಗ ಕಟ್ಟಿ, ಗೊಬ್ಬರ ಹೊಡೆಯುವಾಗ ಬಿಚ್ಚಿಡುವ ಈ ಕಮಾನು ಮಡಚುವ ಕಾರಿನ ಚಾವಣಿಯ ಹಿರಿಯಣ್ಣ ಎನ್ನಬಹುದು. ಪೇಟೆಯ ಜಟಕಾ ಗಾಡಿಗಳ ಮುಚ್ಚಿಗೆಯೂ ಇದೇ ಬಳಗದ್ದು.

ಮೋಟಾರು ಕಾರು ಹುಟ್ಟಿದ್ದೂ ಬಟ್ಟೆಯ ಚಾವಣಿಯೊಂದಿಗೆ. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಪ್ರಸಿದ್ಧ ‘ಟಿ’ ಮಾದರಿಯ ಹೆಚ್ಚಿನ ಕಾರುಗಳು ತೆರೆದ ಕಾರುಗಳೇ. ಕುದುರೆ ಗಾಡಿಯಂತೆ ಮಡಚುವ ಹುಡ್ ಅವಕ್ಕಿತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿ ಮುಚ್ಚಿದ ಕಾರುಗಳು ಹೆಚ್ಚಾದವು. ಆದರೆ ಅವುಗಳ ನೆತ್ತಿಯ ನಡುಭಾಗಕ್ಕೂ ಬಟ್ಟೆಯೇ ಹೊದಿಕೆ. ಅಷ್ಟು ಅಗಲದ ಉಕ್ಕಿನ ತಗಡನ್ನು ಒಂದೇ ಅಚ್ಚಿನಲ್ಲಿ ಒತ್ತುವುದು ಆಗ ಸುಲಭವಾಗಿರಲಿಲ್ಲ. ಜನರಲ್ ಮೋಟಾರ್ಸ್ 1935ರ ಮಾದರಿಗಳಲ್ಲಿ ಪೂರ್ತಿ ಉಕ್ಕಿನ ಚಾವಣಿ ತಂದ ಮೇಲೆ ಬಟ್ಟೆ ಹಿಂದೆ ಸರಿಯಿತು. ಶೋಕಿಯ ಕಾರುಗಳಿಗೂ ಜೀಪುಗಳಿಗೂ ಉಳಿಯಿತು.

ಬಟ್ಟೆಯನ್ನು ನೀರು ತಡೆಯುವಂತೆ ಮಾಡುವ ವಿದ್ಯೆಯಲ್ಲಿ ದೊಡ್ಡ ತಿರುವು 1823ರದು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ರಬ್ಬರಿನ ಪದರ ಕೂಡಿಸಿ ಪೇಟೆಂಟ್ ಪಡೆದ. ಇಂದಿನ ಉತ್ತಮ ದರ್ಜೆಯ ಕಾರಿನ ಚಾವಣಿಯ ರಚನೆಯೂ ಅದೇ: ಹೊರಗೆ ಬಣ್ಣ ಮಾಸದ ಅಕ್ರಿಲಿಕ್ ನೇಯ್ಗೆ, ನಡುವೆ ರಬ್ಬರು, ಒಳಗೆ ಹತ್ತಿ ಅಥವಾ ಪಾಲಿಯೆಸ್ಟರ್.

ನಮ್ಮ ಹಳ್ಳಿಗಾಡಿಗೆ ಬಟ್ಟೆ ಚಾವಣಿಯ ವಾಹನವಾಗಿ ಹತ್ತಿರವಾದದ್ದು ಜೀಪು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಸಿದ್ಧವಾದ ಈ ಗಾಡಿಯನ್ನು ಸ್ವಾತಂತ್ರ್ಯದ ಬಳಿಕ ಮಹೀಂದ್ರ ಕಂಪನಿ ಮುಂಬೈಯಲ್ಲಿ ಜೋಡಿಸಿತು. ಸರ್ಕಾರಿ ಕಚೇರಿಯಿಂದ ಚುನಾವಣಾ ಪ್ರಚಾರದವರೆಗೆ ಕ್ಯಾನ್ವಾಸ್ ಹೊದ್ದ ಜೀಪು ಬಾರದ ಊರಿಲ್ಲ. 2010ರಲ್ಲಿ ಬಂದ ಥಾರ್, 2020ರಲ್ಲಿ ಬಂದ ಅದರ ಹೊಸ ರೂಪ ಎರಡರಲ್ಲೂ ಬಟ್ಟೆ ಚಾವಣಿಯ ಗಾಡಿಗಳಿವೆ. ಆಟೋರಿಕ್ಷಾದ ಟಾಪೂ ಇದೇ ವಂಶದ್ದು. ಅದಕ್ಕೆ ಬಳಸುವ ರೆಕ್ಸಿನ್ ಮೂಲತಃ ಇಂಗ್ಲೆಂಡಿನ ಒಂದು ವ್ಯಾಪಾರ ಹೆಸರು. ಈಗ ನಮ್ಮ ಭಾಷೆಯ ಮಾತೇ ಆಗಿದೆ.

ಬಿಸಿಲು, ದೂಳು, ಗಡಸು ನೀರು

ಈ ಸೀಮೆಯಲ್ಲಿ ಬಟ್ಟೆಯ ಚಾವಣಿಗೆ ಮೊದಲ ಶತ್ರು ಮಳೆಯಲ್ಲ, ಬಿಸಿಲು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನ ತಲೆಯೆತ್ತಿದ್ದು ಇಲ್ಲಿನ ಬಿಸಿಲನ್ನು ನಂಬಿಯೇ. ವಿದ್ಯುತ್ತಿಗೆ ವರವಾದ ಬಿಸಿಲಿನ ಅತಿನೇರಳೆ ಕಿರಣ ನೂಲಿನ ಎಳೆಯನ್ನು ಒಳಗಿಂದೊಳಗೇ ಕಡಿಯುತ್ತದೆ. ರೆಕ್ಸಿನ್ನನ್ನು ಮೆದುವಾಗಿಡುವ ಎಣ್ಣೆಯಂಥ ಅಂಶ ಕಾವಿಗೆ ಆರಿಹೋಗಿ ಟಾಪು ಬಿರಿಯುತ್ತದೆ. ಇದಕ್ಕೆ ನೆರಳೊಂದೇ ಮದ್ದು. ಆದರೆ ಮರದ ನೆರಳಿಗೂ ಬೆಲೆಯಿದೆ: ಹಕ್ಕಿಯ ಹಿಕ್ಕೆ, ಮರದ ಅಂಟು ಬಿದ್ದ ದಿನವೇ ಒರೆಸಬೇಕು; ಒಣಗಲು ಬಿಟ್ಟರೆ ಕಲೆ ಕಚ್ಚುತ್ತದೆ.

ಎರಡನೆಯದು ದೂಳು. ಕಲ್ಲುಬೆಟ್ಟಗಳ ನಾಡಿನ ದೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ನೇಯ್ಗೆಯ ಸಂದಿಗೆ ಇಳಿದ ಹರಳು, ಚಾವಣಿ ಮಡಚಿದಾಗಲೆಲ್ಲ ಎಳೆಯನ್ನು ಗರಗಸದಂತೆ ಕೊಯ್ಯುತ್ತದೆ. ಒದ್ದೆ ಮಾಡಿ ಉಜ್ಜಿದರೆ ಅದು ಕೆಸರಾಗಿ ಇನ್ನೂ ಒಳಕ್ಕೆ ಹೋಗುತ್ತದೆ.

ಮೂರನೆಯದು ನೀರು. ಇಲ್ಲಿನ ಕೊಳವೆಬಾವಿಗಳ ನೀರು ಬಹುತೇಕ ಗಡಸು. ಅದರಲ್ಲಿನ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಬಿಳಿ ಗಸಿಯಾಗಿ ಬಟ್ಟೆಗೆ ಅಂಟುತ್ತದೆ. ಗಸಿ ದೂಳನ್ನು ಹಿಡಿಯುತ್ತದೆ, ಉಳಿದ ಸೋಪು ನೀರನ್ನು ಒಳಕ್ಕೆ ಸೆಳೆಯುತ್ತದೆ. ತೊಳೆದ ಮೇಲೆಯೇ ಸೋರಲಾರಂಭಿಸಿತು ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಹಿಡಿದಿಟ್ಟ ಮಳೆನೀರು ಈ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮ.

ಜಯಮಂಗಲಿ ಹರಿಯುವ, ದೇವರಾಯನದುರ್ಗದ ಮಗ್ಗುಲಿನ ಕೊರಟಗೆರೆಯಂಥ ಕಡೆ ಮಳೆಗಾಲದಲ್ಲಿ ನಾಲ್ಕನೆಯ ಶತ್ರುವೂ ಸೇರುತ್ತದೆ, ಅದು ಬೂಸಲು. ಒದ್ದೆಯಾಗಿ ಮಡಚಿಟ್ಟ ಹತ್ತಿ ಕ್ಯಾನ್ವಾಸ್ ಕೆಲವೇ ದಿನಗಳಲ್ಲಿ ಕಪ್ಪು ಚುಕ್ಕೆ ಹಿಡಿಯುತ್ತದೆ. ಬೂಸಲು ಹತ್ತಿಯ ಎಳೆಯನ್ನೇ ತಿನ್ನುವುದರಿಂದ ಕಲೆ ಹೋದರೂ ಬಟ್ಟೆಗೆ ಹಿಂದಿನ ಬಲ ಬರುವುದಿಲ್ಲ.

ತೊಳೆಯುವ ಕ್ರಮ

ಮೊದಲು ಒಣ ಬ್ರಷ್ಷಿನಿಂದ ನೇಯ್ಗೆಯ ಗುಂಟ ಒಂದೇ ದಿಕ್ಕಿಗೆ ಗುಡಿಸಬೇಕು. ಆಮೇಲೆ ತಣ್ಣೀರು ಚಿಮುಕಿಸಿ, ಮೆದು ಸೋಪಿನ ನೊರೆಯನ್ನು ಸ್ಪಂಜಿನಿಂದ ಇಡೀ ಚಾವಣಿಗೆ ಹಚ್ಚಬೇಕು. ಕಲೆಯಿದ್ದ ಜಾಗವನ್ನಷ್ಟೇ ಉಜ್ಜಿದರೆ ಅಲ್ಲಿ ತೇಪೆಯಂತೆ ಕಾಣುತ್ತದೆ. ನೊರೆ ನಿಲ್ಲುವವರೆಗೆ ನೀರು ಹಾಯಿಸಬೇಕು. ಸರ್ವೀಸ್ ಸ್ಟೇಷನ್ನಿನ ಜೋರು ನೀರನ್ನು ಹತ್ತಿರದಿಂದ ಹಾಯಿಸಿದರೆ ಹೊಲಿಗೆ ಬಿಚ್ಚುತ್ತದೆ. ಬ್ಲೀಚಿಂಗ್ ಪುಡಿ, ಪೆಟ್ರೋಲು ತಾಗಿಸಲೇಬಾರದು. ಚಾವಣಿಯನ್ನು ಎಳೆದು ಹಾಕಿದ ಸ್ಥಿತಿಯಲ್ಲೇ ಒಣಗಿಸಬೇಕು. ಪೂರ್ತಿ ಒಣಗಿದ ಮೇಲೆ ನೀರು ತಡೆಯುವ ಲೇಪ ಕೊಡಬೇಕು. ಹನಿ ಮುತ್ತಾಗಿ ಉರುಳಿದರೆ ಲೇಪ ಇದೆ ಎಂದರ್ಥ. ಹರಡಿ ಇಂಗಿದರೆ ಮತ್ತೆ ಬಳಿಯುವ ಕಾಲ ಬಂತು.

ಲೇಪವೂ ಹೊಸತಲ್ಲ. ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಬಳಿಕ ಪಟಿಕದ ನೀರಿಗೆ ಹಾಕಿದರೆ ಎಳೆಯ ಮೇಲೆ ಕರಗದ ತೆಳು ಪದರ ಕೂರುತ್ತದೆ, ನೀರು ಜಾರುತ್ತದೆ. ಕ್ಯಾನ್ವಾಸಿಗೆ ಮೇಣ ಹಿಡಿಸುವುದು ಇನ್ನೊಂದು ವಿಧಾನ. ಬಿಗಿ ನೇಯ್ಗೆಯ ಹತ್ತಿ ಕ್ಯಾನ್ವಾಸಿಗೆ ತನ್ನದೇ ಗುಣವೂ ಉಂಟು: ನೆನೆದಾಗ ನೂಲು ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತದೆ. ಹಾಗೆ ನೆನೆದ ಡೇರೆಯನ್ನು ಒಳಗಿನಿಂದ ಬೆರಳಲ್ಲಿ ಮುಟ್ಟಿದರೆ ಅಲ್ಲೇ ಸೋರತೊಡಗುತ್ತದೆ. ಮಳೆಗಾಲದಲ್ಲಿ ಟೆಂಟ್ ಸಿನಿಮಾ ನೋಡಿದ ತಲೆಮಾರಿಗೆ ಇದನ್ನು ವಿವರಿಸಬೇಕಿಲ್ಲ.

ಮೂಲೆ ಸೇರಿದ ವಿದ್ಯೆ

ಬಟ್ಟೆಯ ಚಾವಣಿಯನ್ನು ಬದುಕಿನಿಂದ ದೂರ ಮಾಡಿದ್ದು ಉಕ್ಕು ಮಾತ್ರವಲ್ಲ. ನೀಲಿ ಪ್ಲಾಸ್ಟಿಕ್ ಟಾರ್ಪಾಲು ಬಂದ ಮೇಲೆ ಕಂಬಳಿ, ಕ್ಯಾನ್ವಾಸ್ ಎರಡಕ್ಕೂ ಬೇಡಿಕೆ ತಗ್ಗಿತು. ಟಾರ್ಪಾಲಿಗೆ ಆರೈಕೆ ಬೇಕಿಲ್ಲ. ಹರಿದರೆ ಎಸೆದು ಇನ್ನೊಂದು ತಂದರಾಯಿತು. ದಖ್ಖನಿನ ಹಲವೆಡೆ ತುಪ್ಪಟಕ್ಕೆ ಬೆಲೆಯಿಲ್ಲದೆ, ಕುರಿಯ ಮೈ ಕತ್ತರಿಸಿದ ಮೇಲೆ ಅದನ್ನು ಬಿಸಾಡುವ ಸ್ಥಿತಿ ಬಂದಿದೆ. ಮಾಂಸಕ್ಕೆಂದೇ ಸಾಕುವ, ತುಪ್ಪಟವಿಲ್ಲದ ತಳಿಗಳು ಹಟ್ಟಿ ಸೇರುತ್ತಿವೆ. ಕುರಿ ಹೋದರೆ ನೂಲು ಹೋಯಿತು, ನೂಲು ಹೋದರೆ ಗಂಜಿ ಹಾಕುವ ಕೈ ಹೋಯಿತು.

ಉಳಿದಿರುವವರು ಕುಷನ್ ವರ್ಕ್ಸ್ ಎಂಬ ಫಲಕದ ಸಣ್ಣ ಅಂಗಡಿಗಳ ದರ್ಜಿಗಳು. ಆಟೋ ಟಾಪು, ಜೀಪಿನ ಹುಡ್ಡು, ಟ್ರ್ಯಾಕ್ಟರಿನ ಸೀಟು ಅವರ ಸೂಜಿಯ ಕೆಳಗೇ ಬರಬೇಕು. ಹೊಲಿಗೆಯ ತೂತಿನಿಂದ ನೀರು ಇಳಿಯದಂತೆ ಅಂಚನ್ನು ಎರಡು ಮಡಿಕೆ ಮಾಡಿ ಹೊಲಿಯುವುದು, ಕಂಬಿ ತಗಲುವ ಜಾಗಕ್ಕೆ ಒಳಪಟ್ಟಿ ಕೊಡುವುದು ಅವರು ಕೈಯಿಂದ ಕೈಗೆ ಕಲಿತ ವಿದ್ಯೆ. ಲಕ್ಷಾಂತರ ರೂಪಾಯಿಯ ಕಾರಿನ ಚಾವಣಿ ಶಿರಾ ಬಳಿ ಹರಿದರೂ ಅದಕ್ಕೆ ಮೊದಲ ಹೊಲಿಗೆ ಹಾಕಬಲ್ಲವರು ಅವರೇ.